ಎಂಎಸ್ ಇರುವವರು ವ್ಯಾಯಾಮ ಮಾಡಿದರೆ ನರ ಹಾಳಾಗುತ್ತದೆಯೇ?

"ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರು ಬೆವರು ಬರುವಷ್ಟು ಕೆಲಸ ಮಾಡಬಾರದು, ಮೈ ಬಿಸಿಯಾದರೆ ನರ ಸುಟ್ಟುಹೋಗುತ್ತದೆ." ಮನೆಯ ಹಿರಿಯರಿಂದ ಹಿಡಿದು ವಾಟ್ಸ್ಆ್ಯಪ್ ಗುಂಪುಗಳವರೆಗೆ ಓಡಾಡುವ ಮಾತಿದು. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: ಇಂತಿಷ್ಟು ದಿನ ಯೋಗ ಮಾಡಿದರೆ ಎಂಎಸ್ ಪೂರ್ತಿ ವಾಸಿ, ಔಷಧ ಬಿಡಬಹುದು. ಎರಡೂ ತಪ್ಪು. ಆದರೆ ಮೊದಲನೆಯದು ಗಾಳಿಸುದ್ದಿಯಾಗಿ ಹುಟ್ಟಿದ್ದಲ್ಲ. ಬಹುಕಾಲ ವೈದ್ಯರೇ ಹಾಗೆ ಹೇಳುತ್ತಿದ್ದರು.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ನಮ್ಮ ನರತಂತುಗಳಿಗೂ ಮಯಲಿನ್ ಎಂಬ ಹೊದಿಕೆ ಇದೆ. ಎಂಎಸ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯಲ್ಲಿರುವ ಈ ಹೊದಿಕೆಯ ಮೇಲೆ ದಾಳಿ ಮಾಡುತ್ತದೆ. ಕಣ್ಣು ಮಂಜಾಗುವುದು, ಕಾಲು ಎಳೆಯುವುದು, ಜೋಮು, ವಿಪರೀತ ಸುಸ್ತು ಇದರ ಲಕ್ಷಣಗಳು. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ ಶುರುವಾಗುತ್ತದೆ, ಹೆಂಗಸರಲ್ಲಿ ಹೆಚ್ಚು. ಇದು ಅಂಟುರೋಗವಲ್ಲ. ನಮ್ಮಲ್ಲಿ ಹಲವರು ಇದನ್ನು ಲಕ್ವ ಎಂದುಕೊಳ್ಳುತ್ತಾರೆ, ಅದೂ ಅಲ್ಲ. ಮಂಗಳೂರು ನಗರದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ 1 ಲಕ್ಷ ಜನರಲ್ಲಿ ಸುಮಾರು 8 ಮಂದಿಗೆ ಎಂಎಸ್ ಇರುವುದು ಕಂಡುಬಂತು.

ಬಿಸಿಯ ಭಯ ಎಲ್ಲಿಂದ ಬಂತು?

1890ರಲ್ಲಿ ವಿಲ್ಹೆಲ್ಮ್ ಉಟ್‌ಹಾಫ್ ಎಂಬ ಜರ್ಮನಿಯ ಕಣ್ಣಿನ ವೈದ್ಯರು ಒಂದು ವಿಷಯ ಗಮನಿಸಿದರು. ಕೆಲವು ಎಂಎಸ್ ರೋಗಿಗಳಿಗೆ ದೈಹಿಕ ಶ್ರಮದ ನಂತರ ದೃಷ್ಟಿ ಮಂಜಾಗುತ್ತಿತ್ತು. ನಿಜವಾದ ಕಾರಣ ಶ್ರಮವಲ್ಲ, ಮೈಬಿಸಿ ಎಂದು ಆಮೇಲೆ ತಿಳಿಯಿತು. ಹೊದಿಕೆ ಕಳೆದುಕೊಂಡ ನರದಲ್ಲಿ ಸಂದೇಶ ಮೊದಲೇ ಕುಂಟುತ್ತಾ ಸಾಗುತ್ತಿರುತ್ತದೆ. ದೇಹದ ಒಳಗಿನ ಉಷ್ಣತೆ ಅರ್ಧ ಡಿಗ್ರಿ ಸೆಲ್ಸಿಯಸ್ ಏರಿದರೂ ಅದು ನಿಂತುಬಿಡಬಹುದು. ಎಂಆರ್‌ಐ ಬರುವ ಮೊದಲು ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಲಕ್ಷಣ ಜಾಸ್ತಿಯಾಗುತ್ತದೆಯೇ ಎಂದು ನೋಡಿ ಎಂಎಸ್ ಪತ್ತೆ ಮಾಡುವ ಪದ್ಧತಿಯೂ ಇತ್ತು!

ಫಾರ್ವರ್ಡ್‌ಗಳಲ್ಲಿ ಬಿಟ್ಟುಹೋಗುವ ಮಾತು ಒಂದೇ: ಮೈ ತಣ್ಣಗಾದರೆ ಇದು ಸರಿಹೋಗುತ್ತದೆ. ಬಿಸಿಯಿಂದ ಸಂದೇಶ ತಾತ್ಕಾಲಿಕವಾಗಿ ತಡೆಯುತ್ತದೆ ಅಷ್ಟೇ, ನರ ಹೊಸದಾಗಿ ಹಾಳಾಗುವುದಿಲ್ಲ. ಆದರೂ ದಶಕಗಳ ಕಾಲ ರೋಗಿಗಳಿಗೆ ಸಿಕ್ಕ ಸಲಹೆ "ವಿಶ್ರಾಂತಿ ತಗೊಳ್ಳಿ" ಎಂಬುದೇ.

ಈ ಸಲಹೆಯನ್ನು ಅಲುಗಾಡಿಸಿದ್ದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 1996ರಲ್ಲಿ ಪ್ರಕಟಿಸಿದ ಪ್ರಯೋಗ. 54 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ 3 ದಿನ, ದಿನಕ್ಕೆ 40 ನಿಮಿಷದಂತೆ 15 ವಾರ ಕೈಕಾಲುಗಳೆರಡರಿಂದಲೂ ಸೈಕಲ್ ತುಳಿಯುವಂಥ ವ್ಯಾಯಾಮ ಮಾಡಿಸಿದರು. ಅವರ ದೇಹ ಆಮ್ಲಜನಕ ಬಳಸುವ ಸಾಮರ್ಥ್ಯ 22% ಹೆಚ್ಚಿತು. ಚರ್ಮದಡಿಯ ಕೊಬ್ಬು ಇಳಿಯಿತು, ರಕ್ತದ ಟ್ರೈಗ್ಲಿಸರೈಡ್ ಇಳಿಯಿತು.

"ಆದರೆ ಕಾಯಿಲೆ ಮರುಕಳಿಸಿದರೆ?" ಎಂಬ ಪ್ರಶ್ನೆ ಉಳಿಯುತ್ತದೆ. 26 ಪ್ರಯೋಗಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ, ವ್ಯಾಯಾಮ ಮಾಡದವರಲ್ಲಿ 6.3% ಮಂದಿಗೆ ಕಾಯಿಲೆ ಮರುಕಳಿಸಿದರೆ, ಮಾಡಿದವರಲ್ಲಿ 4.6% ಮಂದಿಗೆ. ಇಷ್ಟರಿಂದಲೇ ವ್ಯಾಯಾಮ ಕಾಯಿಲೆಯನ್ನು ತಡೆಯುತ್ತದೆ ಎಂದು ನಾವು ಹೇಳುವುದಿಲ್ಲ. ಹೆಚ್ಚಿಸುತ್ತದೆ ಎಂಬ ಭಯಕ್ಕಂತೂ ಇಲ್ಲಿ ಆಧಾರವಿಲ್ಲ.

ಸಕ್ಕರೆ, ಕೊಬ್ಬು, ಬಿಪಿಗೂ ಎಂಎಸ್‌ಗೂ ಏನು ಸಂಬಂಧ?

ನಮ್ಮ ಪ್ರಕಾರ ಈ ವಿಷಯದಲ್ಲಿ ಅತಿ ಕಡಿಮೆ ಚರ್ಚೆಯಾಗುವ ಭಾಗ ಇದು. ಸುಸ್ತು ಮತ್ತು ಬೀಳುವ ಭಯದಿಂದ ಓಡಾಟ ಕಡಿಮೆಯಾಗುತ್ತದೆ. ಊಟದ ನಂತರ ರಕ್ತಕ್ಕೆ ಸೇರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳು. ಅವು ಸೊರಗಿದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಕಾಯಿಲೆ ಮರುಕಳಿಸಿದಾಗ ಕೊಡುವ ಸ್ಟೀರಾಯ್ಡ್ ಕೂಡ ಸಕ್ಕರೆ ಏರಿಸುತ್ತದೆ.

ಇದು ಬರೀ ಹೃದಯದ ಚಿಂತೆಯಲ್ಲ. ಉತ್ತರ ಅಮೆರಿಕದ ಸುಮಾರು 9 ಸಾವಿರ ಎಂಎಸ್ ರೋಗಿಗಳ ಮಾಹಿತಿ ಆಧರಿಸಿದ 2010ರ ಅಧ್ಯಯನದ ಲೆಕ್ಕ ನೋಡಿ. ಮಧುಮೇಹ, ಬಿಪಿ, ಅಧಿಕ ಕೊಲೆಸ್ಟರಾಲ್, ಹೃದ್ರೋಗದಂಥ ತೊಂದರೆ ಇಲ್ಲದವರಿಗೆ ಎಂಎಸ್ ಪತ್ತೆಯಾದ ನಂತರ ನಡೆಯಲು ಕೋಲಿನ ಆಸರೆ ಬೇಕಾಗಲು ಸರಾಸರಿ 18.8 ವರ್ಷ ಹಿಡಿದಿತ್ತು. ಇಂಥ ತೊಂದರೆ ಇದ್ದವರಿಗೆ 12.8 ವರ್ಷ. ಒಂದು ಇನ್ನೊಂದಕ್ಕೆ ನೇರ ಕಾರಣ ಎಂದು ಈ ಅಧ್ಯಯನ ಸಾಬೀತು ಮಾಡುವುದಿಲ್ಲ. ಆದರೂ 6 ವರ್ಷ ಸಣ್ಣ ಅಂತರವಲ್ಲ.

ಸ್ನಾಯು ದುಡಿಯುವಾಗ ಇನ್ಸುಲಿನ್ ನೆರವಿಲ್ಲದೆಯೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ವ್ಯಾಯಾಮದ ಲಾಭ ಎಂಎಸ್ ಇರುವವರಿಗೂ ಸಿಗುತ್ತದೆ. ಬೆಲ್ಜಿಯಂನ ಹಾಸೆಲ್ಟ್ ವಿಶ್ವವಿದ್ಯಾಲಯದ ಒಂದು ಸಣ್ಣ ಅಧ್ಯಯನದಲ್ಲಿ 12 ವಾರಗಳ ಬಿರುಸಿನ ವ್ಯಾಯಾಮದ ನಂತರ ಸಕ್ಕರೆ ನಿಯಂತ್ರಣ ಸುಧಾರಿಸಿತು, ಕೊಲೆಸ್ಟರಾಲ್ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ. ವ್ಯಾಯಾಮ ಶುರು ಮಾಡಿದ ಕೂಡಲೇ ಲ್ಯಾಬ್ ರಿಪೋರ್ಟಿನ ಎಲ್ಲ ಸಾಲುಗಳೂ ಸರಿಹೋಗುತ್ತವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಯೋಗದಿಂದ ವಾಸಿ ಎಂಬ ಫಾರ್ವರ್ಡ್‌ಗೆ ಉತ್ತರ ಚಿಕ್ಕದು. ಯೋಗ ಒಳ್ಳೆಯ ವ್ಯಾಯಾಮ, ಸುಸ್ತು ತಗ್ಗಿಸಲು ನೆರವಾಗಬಹುದು. ಎಂಎಸ್ ಅನ್ನು ಪೂರ್ತಿ ವಾಸಿ ಮಾಡುವ ಚಿಕಿತ್ಸೆ ಇನ್ನೂ ಇಲ್ಲ. ದಾಳಿ ತಗ್ಗಿಸುವ ಔಷಧಗಳಿವೆ, ಅವನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಿದರೆ ಕಾಯಿಲೆ ಜೋರಾಗಿ ಮರುಕಳಿಸಬಹುದು.

ಎಷ್ಟು ಮಾಡಬೇಕು, ಹೇಗೆ?

ಸೌಮ್ಯ ಅಥವಾ ಮಧ್ಯಮ ತೊಂದರೆ ಇರುವ ವಯಸ್ಕರಿಗೆ ಕೆನಡಾದ ಮಾರ್ಗಸೂಚಿ ಹೇಳುವುದು ವಾರಕ್ಕೆ 2 ದಿನ 30 ನಿಮಿಷದ ನಡಿಗೆ ಅಥವಾ ಸೈಕಲ್, ಮತ್ತು ವಾರಕ್ಕೆ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಕೇಳಿದಾಗ ಇಷ್ಟೇನಾ ಅನ್ನಿಸಬಹುದು, ಆರಂಭಕ್ಕೆ 10 ನಿಮಿಷವೂ ಸಾಕು. ಸಮತೋಲನ ತಪ್ಪುವವರು ಕೂತು ತುಳಿಯುವ ಸೈಕಲ್ ಬಳಸಬಹುದು, ಗಾಲಿಕುರ್ಚಿಯಲ್ಲಿರುವವರು ತೋಳಿನ ವ್ಯಾಯಾಮ ಮಾಡಬಹುದು. ಯಾವುದು ಹೊಂದುತ್ತದೆ ಎಂದು ನರರೋಗ ತಜ್ಞರು ಮತ್ತು ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನೂ ತಿಳಿಸಿ, ಶ್ರಮದಿಂದ ಸಕ್ಕರೆ ಅತಿಯಾಗಿ ಇಳಿಯುವ ಸಾಧ್ಯತೆ ಇರುತ್ತದೆ.

ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಮಧ್ಯಾಹ್ನದ ವಾಕಿಂಗ್ ಯಾರಿಗೂ ಬೇಡ, ಎಂಎಸ್ ಇರುವವರಿಗಂತೂ ಬೇಡವೇ ಬೇಡ. ಬೆಳಗಿನ ಹೊತ್ತು, ಫ್ಯಾನಿನ ಕೆಳಗೆ, ಕುತ್ತಿಗೆಗೆ ಒದ್ದೆ ಟವೆಲ್, ಕುಡಿಯಲು ತಣ್ಣೀರು. ನಡುವೆ ಕಣ್ಣು ಮಂಜಾದರೆ ಅಥವಾ ಕಾಲು ಭಾರವಾದರೆ ನಿಲ್ಲಿಸಿ, ನೆರಳಲ್ಲಿ ಕೂತು ಮೈ ತಣ್ಣಗಾಗಲು ಬಿಡಿ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ ಮೊದಲಿನಂತಾಗುತ್ತದೆ. 24 ಗಂಟೆ ಕಳೆದರೂ ಕಡಿಮೆಯಾಗದಿದ್ದರೆ, ಅಥವಾ ಹಿಂದೆಂದೂ ಇಲ್ಲದ ಲಕ್ಷಣ ಕಾಣಿಸಿಕೊಂಡರೆ, ಅದು ಬಿಸಿಯ ಪರಿಣಾಮವಲ್ಲದಿರಬಹುದು. ಆಗ ಕೂಡಲೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ.