ಟೆಸ್ಟ್ ಟೋಪಿ ಧರಿಸದ ಮೈಸೂರಿನ ಆಟಗಾರ: ಬಿ. ಕೆ. ಗರುಡಾಚಾರ್



1984ರಲ್ಲಿ ಶಾರ್ಜಾದಲ್ಲಿ ಮೊದಲ ಏಷ್ಯಾ ಕಪ್ ನಡೆದಂದಿನಿಂದ ಈ ಮರಳುನಾಡು ಕ್ರಿಕೆಟ್ಟಿನ ಭೂಪಟದಲ್ಲಿ ಸ್ಥಾನ ಪಡೆದಿದೆ. 2005ರಿಂದ ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಕೇಂದ್ರ ಕಚೇರಿಯೇ ದುಬೈಯಲ್ಲಿದೆ. ಲೋಕಪ್ರಸಿದ್ಧ ಆಟಗಾರರನ್ನು ನಮ್ಮ ಮಕ್ಕಳು ಇಲ್ಲಿ ಕಣ್ಣಾರೆ ಕಾಣುತ್ತಾರೆ. ಟೆಸ್ಟ್ ಆಡದವನು ಆಟಗಾರನೇ ಅಲ್ಲವೆಂಬ ಭಾವನೆ ಅವರಲ್ಲಿ ಮೂಡಿದರೆ ಆಶ್ಚರ್ಯವಿಲ್ಲ. ಆದುದರಿಂದ ಒಂದು ಟೆಸ್ಟ್ ಪಂದ್ಯವನ್ನೂ ಆಡದ ಮೈಸೂರು ತಂಡದ ಬಿ. ಕೆ. ಗರುಡಾಚಾರ್ ಅವರ ಕಥೆಯನ್ನು ಈ ಸಂಜೆ ನಿಮ್ಮ ಮುಂದಿಡಬಯಸುತ್ತೇನೆ.

ಗರುಡಾಚಾರ್ ಅವರು ಜನಿಸಿದ್ದು 1917ರಲ್ಲಿ. ಲೆಗ್ ಸ್ಪಿನ್ ಬೌಲರ್, ಜೊತೆಗೆ ನಂಬಿಕೆಯ ಬ್ಯಾಟ್ಸ್‌ಮನ್. ಸುಮಾರು ಒಂದೂವರೆ ದಶಕದ ಅವಧಿಯಲ್ಲಿ ಅವರು ಆಡಿದ ಪ್ರಥಮ ದರ್ಜೆ ಪಂದ್ಯಗಳು 27 ಮಾತ್ರ; ಗಳಿಸಿದ್ದು 1,126 ರನ್, ಪಡೆದದ್ದು 100 ವಿಕೆಟ್. ಇಂದಿನವರಿಗೆ ಈ ಸಂಖ್ಯೆಗಳು ಅಲ್ಪವೆನಿಸಬಹುದು. ಆದರೆ ಅಂದಿನ ರಣಜಿ ಪಂದ್ಯಾವಳಿಯಲ್ಲಿ ಸೋತ ತಂಡ ಅಲ್ಲಿಗೇ ಹೊರಬೀಳುತ್ತಿತ್ತು. ಒಂದು ಸೋಲೆಂದರೆ ಆ ವರ್ಷದ ಆಟ ಮುಗಿದಂತೆ. 1934ರಲ್ಲಿ ಮದರಾಸಿನಲ್ಲಿ ನಡೆದ ರಣಜಿಯ ಮೊಟ್ಟಮೊದಲ ಪಂದ್ಯದಲ್ಲಿ ಮೈಸೂರು ಒಂದೇ ದಿನದಲ್ಲಿ ಸೋತುಹೋಗಿತ್ತು. ಅಂಥ ತಂಡದ ಆಟಗಾರನಿಗೆ ವರ್ಷಕ್ಕೆ ಒಂದೆರಡು ಪಂದ್ಯಗಳು ದೊರೆತರೆ ಅದೇ ಭಾಗ್ಯ.

ಅವರ ಜೀವನದ ಸ್ಮರಣೀಯ ಪಂದ್ಯ ನಡೆದದ್ದು 1946ರ ಮಾರ್ಚ್ ತಿಂಗಳಲ್ಲಿ, ಇಂದೂರಿನ ಯಶವಂತ ಕ್ಲಬ್ ಮೈದಾನದಲ್ಲಿ. ರಣಜಿ ಸೆಮಿಫೈನಲ್; ಎದುರಾಳಿ ಹೋಳ್ಕರ್ ತಂಡ. ಭಂಡಾರ್ಕರ್, ಸರ್ವಟೆ, ಜಗದಾಳೆ, ಸಿ. ಕೆ. ನಾಯುಡು, ನಿಂಬಾಳ್ಕರ್, ಪ್ರತಾಪ್ ಸಿಂಗ್ – ಈ ಆರು ಮಂದಿಯೂ ಶತಕ ಬಾರಿಸಿದರು. ನಾಯುಡು ಅವರಿಗೆ ಆಗ 50 ವರ್ಷ! ಹೋಳ್ಕರ್ 8 ವಿಕೆಟ್‌ಗೆ 912 ರನ್ ಗಳಿಸಿ ಡಿಕ್ಲೇರ್ ಮಾಡಿಕೊಂಡಿತು. ಒಂದೇ ಇನಿಂಗ್ಸಿನಲ್ಲಿ ಆರು ಶತಕಗಳೆಂಬುದು ವಿಶ್ವದಾಖಲೆಯಾಯಿತು. ಅಷ್ಟೂ ಹೊತ್ತು ಬೌಲಿಂಗಿನ ಭಾರ ಹೊತ್ತ ಗರುಡಾಚಾರ್ ಅವರು 301 ರನ್ ತೆತ್ತು 4 ವಿಕೆಟ್ ಪಡೆದರು. ಒಂದು ಇನಿಂಗ್ಸಿನಲ್ಲಿ ಮುನ್ನೂರಕ್ಕೂ ಮಿಗಿಲಾಗಿ ರನ್ ಕೊಟ್ಟ ಬೌಲರುಗಳು ಕ್ರಿಕೆಟ್ ಇತಿಹಾಸದಲ್ಲಿಯೇ ವಿರಳ.

ಮೈಸೂರು ಮೊದಲ ಸರದಿಯಲ್ಲಿ 190ಕ್ಕೆ ಕುಸಿಯಿತು. ಹಿನ್ನಡೆ 722 ರನ್. ಸೋಲು ನಿಶ್ಚಿತವಾಗಿದ್ದ ಆ ಗಳಿಗೆಯಲ್ಲಿ, ಬೆವರು ಸುರಿಸಿ ದಣಿದಿದ್ದ ಅದೇ ಬೌಲರ್ ಬ್ಯಾಟ್ ಹಿಡಿದು 164 ರನ್ ಹೊಡೆದರು. ಪಂದ್ಯದ ಏಳನೆಯ ಶತಕ ಅದು. ಎರಡನೆಯ ಸರದಿಯಲ್ಲಿ ಮೈಸೂರು 6 ವಿಕೆಟ್‌ಗೆ 509 ರನ್ ಗಳಿಸಿತು. ಗೆಲುವು ಹೋಳ್ಕರ್ ತಂಡದ್ದೇ. ಆದರೆ ಮೈಸೂರು ಕೈಚೆಲ್ಲಿ ಕೂರಲಿಲ್ಲ.

ಇಂಥವರಿಗೆ ಭಾರತದ ಟೋಪಿ ಏಕೆ ದೊರೆಯಲಿಲ್ಲ? ಪ್ರತಿಭೆಯ ತೂಕವನ್ನು ಮಾತ್ರ ನೋಡಿದರೆ ಉತ್ತರ ಸಿಕ್ಕದು, ಕಾಲವನ್ನೂ ನೋಡಬೇಕು. 1932ರಿಂದ 1936ರವರೆಗೆ ಭಾರತ ಆಡಿದ್ದು ಕೇವಲ 7 ಟೆಸ್ಟ್‌ಗಳು. 1936ರ ಆಗಸ್ಟ್‌ನಿಂದ 1946ರ ಜೂನ್‌ವರೆಗೆ ಒಂದೂ ಅಧಿಕೃತ ಟೆಸ್ಟ್ ಇಲ್ಲ. ನಡುವೆ ಎರಡನೆಯ ಮಹಾಯುದ್ಧ. ಗರುಡಾಚಾರ್ ಅವರ 19ರಿಂದ 29ರವರೆಗಿನ ವಯಸ್ಸು, ಆಟಗಾರನೊಬ್ಬನ ಮೈ ಮನಸ್ಸುಗಳು ಅರಳುವ ಆ ಹತ್ತು ವರ್ಷಗಳು, ಹೀಗೆ ಕಳೆದುಹೋದವು. 1946ರ ಇಂಗ್ಲೆಂಡ್ ಪ್ರವಾಸಕ್ಕೆ ಇಂದೂರಿನಲ್ಲಿ ಶತಕ ಹೊಡೆದಿದ್ದ ಸರ್ವಟೆ ಆಯ್ಕೆಯಾದರು. ಸ್ಪಿನ್ ಬೌಲಿಂಗಿಗೆ ವಿನೂ ಮಂಕಡ್, ಸಿ. ಎಸ್. ನಾಯುಡು, ಶಿಂಧೆ ಇದ್ದರು. ಬಾಗಿಲು ತೆರೆದಾಗ ಹೊಸ್ತಿಲಲ್ಲಿ ಜನಸಂದಣಿಯಿತ್ತು.

ಮುಂದೆ 1962ರಲ್ಲಿ ಪ್ರಸನ್ನ, 1964ರಲ್ಲಿ ಚಂದ್ರಶೇಖರ್, 1969ರಲ್ಲಿ ವಿಶ್ವನಾಥ್ ಟೆಸ್ಟ್ ಪ್ರವೇಶಿಸಿದರು. 1974ರಲ್ಲಿ ಕರ್ನಾಟಕ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಿತು. ಆ ಗೋಪುರವನ್ನು ನಾವೆಲ್ಲ ಕೊಂಡಾಡಿದ್ದೇವೆ. ಅಡಿಪಾಯದ ಕಲ್ಲುಗಳ ಹೆಸರನ್ನು ಮರೆತಿದ್ದೇವೆ. ಗರುಡಾಚಾರ್ ಅವರು 2016ರಲ್ಲಿ ತಮ್ಮ 99ನೆಯ ವಯಸ್ಸಿನಲ್ಲಿ ತೀರಿಕೊಂಡರು.

ರಜೆಯ ದಿನ ನಿಮ್ಮ ಮಗನೋ ಮಗಳೋ ಬ್ಯಾಟ್ ಹಿಡಿದು ಮೈದಾನಕ್ಕೆ ಹೊರಟಾಗ, ಗಾವಸ್ಕರ್, ತೆಂಡೂಲ್ಕರರ ಕಥೆಗಳೊಡನೆ ಇದನ್ನೂ ಹೇಳಿರಿ: 301 ರನ್ ಕೊಟ್ಟ ಮೇಲೂ ಬ್ಯಾಟ್ ಹಿಡಿದು 164 ಹೊಡೆದವರೊಬ್ಬರು ನಮ್ಮ ನಾಡಿನಲ್ಲಿದ್ದರು ಎಂದು.