ಕಾಯ್ದೆ ಬಂದರೂ ಪದ್ಧತಿ ಉಳಿಯುವುದೇಕೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಇಂದು ವಿಜಯನಗರ ಜಿಲ್ಲೆಯಲ್ಲಿವೆ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ಸೀಮೆ ಮದ್ರಾಸ್ ಆಡಳಿತದಲ್ಲಿದ್ದ ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. ಹಾಗಾಗಿ ದೇವದಾಸಿ ಪದ್ಧತಿಯನ್ನು ನಿಷೇಧಿಸಿದ 1947ರ ಮದ್ರಾಸ್ ಕಾಯ್ದೆ ಇಲ್ಲಿಗೂ ಅನ್ವಯವಾಗಿತ್ತು.

ಆದರೂ 1982ರಲ್ಲಿ ಕರ್ನಾಟಕ ಸರಕಾರ ಮತ್ತೊಂದು ನಿಷೇಧ ಕಾಯ್ದೆ ತರಬೇಕಾಯಿತು. ರಾಜ್ಯದಲ್ಲಿ 1993-94ರ ಸಮೀಕ್ಷೆ 22,873 ದೇವದಾಸಿ ಮಹಿಳೆಯರನ್ನು ಗುರುತಿಸಿತು. 2007-08ರ ಸಮೀಕ್ಷೆಯಲ್ಲಿ ಇನ್ನೂ 23,787 ಹೆಸರುಗಳು ಸೇರಿ ಒಟ್ಟು ಸಂಖ್ಯೆ 46,660ಕ್ಕೆ ಏರಿತು. ಬಳ್ಳಾರಿ ಸೀಮೆಯ ಈ ತಾಲೂಕುಗಳ ಮಹಿಳೆಯರೂ ಇವರಲ್ಲಿದ್ದಾರೆ. ಎರಡು ಕಾಯ್ದೆಗಳನ್ನು ದಾಟಿ ಒಂದು ಪದ್ಧತಿ ಹೇಗೆ ಬದುಕಿತು?

ಉತ್ತರ ಮನೆಯೊಳಗಿದೆ. ಈ ಭಾಗದಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣನ್ನು ‘ಬಸವಿ’ ಎನ್ನುತ್ತಿದ್ದರು. 19ನೇ ಶತಮಾನದ ಕೊನೆಯಲ್ಲಿ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ ಇವರ ಬಗ್ಗೆ ಬರೆದಿದ್ದಾರೆ. ಗಂಡು ಸಂತಾನವಿಲ್ಲದ ಮನೆಯಲ್ಲಿ ಮಗಳನ್ನು ಬಸವಿಯಾಗಿಸಿದರೆ ಅವಳು ಮದುವೆಯಾಗದೆ ತವರಿನಲ್ಲೇ ಉಳಿಯುತ್ತಿದ್ದಳು. ಮಗನಂತೆ ಆಸ್ತಿಗೆ ವಾರಸುದಾರಳಾಗುತ್ತಿದ್ದಳು, ತಂದೆ ತಾಯಿಯನ್ನು ಸಾಕುತ್ತಿದ್ದಳು. ಅಂದರೆ ಪದ್ಧತಿಯ ಬೇರು ನಂಬಿಕೆಯಲ್ಲಿ ಮಾತ್ರ ಇರಲಿಲ್ಲ. ಮುಪ್ಪಿನ ಭಯ ಮತ್ತು ಬಡತನ ಅದಕ್ಕೆ ನೀರೆರೆದಿದ್ದವು. ಊರಿನ ಉಳ್ಳವರಿಗೆ ಅದರಿಂದ ಲಾಭವಿತ್ತು. ಅದರ ಬೆಲೆ ತೆತ್ತವರು ಬಹುಪಾಲು ಪರಿಶಿಷ್ಟ ಜಾತಿ, ಪಂಗಡಗಳ ಬಡ ಹೆಣ್ಣುಮಕ್ಕಳು.

ಮದ್ರಾಸಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ನಡೆಸಿದ ಹೋರಾಟದಿಂದ 1929ರಲ್ಲಿ ಒಂದು ತಿದ್ದುಪಡಿ ಬಂತು. ದೇವಸ್ಥಾನದ ಇನಾಮು ಭೂಮಿ ಹೊಂದಿದ್ದ ದೇವದಾಸಿಯರು ಸೇವೆ ಬಿಟ್ಟರೂ ಭೂಮಿ ಅವರಲ್ಲೇ ಉಳಿಯುವಂತಾಯಿತು. ಅನ್ನದ ದಾರಿ ಉಳಿಸಿ ಬಿಡುಗಡೆ ಕೊಟ್ಟ ಜಾಣ ಕ್ರಮ ಅದು. ಆದರೆ ಇನಾಮು ಭೂಮಿಯೇ ಇಲ್ಲದ ಹಳ್ಳಿಯ ಬಸವಿಗೆ ಅದರಿಂದ ಏನೂ ಸಿಗಲಿಲ್ಲ.

1982ರ ಕಾಯ್ದೆಯಲ್ಲಿ ಹೆತ್ತವರೇ ಮಗಳನ್ನು ಅರ್ಪಿಸಿದರೆ 5 ವರ್ಷದವರೆಗೆ ಜೈಲು ಎಂದಿತ್ತು. ಶಿಕ್ಷೆ ಕಠಿಣವೇ ಹೌದು. ಆದರೆ ಸ್ವಂತ ತಂದೆ ತಾಯಿಯ ಮೇಲೆ ದೂರು ಕೊಡಲು ಯಾವ ಬಾಲಕಿ ಠಾಣೆಯ ಮೆಟ್ಟಿಲು ಹತ್ತುತ್ತಾಳೆ? ಬಹಿರಂಗವಾಗಿ ನಡೆಯುತ್ತಿದ್ದದ್ದು ಗುಟ್ಟಾಗಿ ನಡೆಯತೊಡಗಿತು.

ಬದಲಾವಣೆಗೆ ವೇಗ ಸಿಕ್ಕಿದ್ದು ಆ ಮಹಿಳೆಯರೇ ಸಂಘ ಕಟ್ಟಿ ಬೀದಿಗಿಳಿದಾಗ. ಮಾಸಾಶನ, ಮನೆ, ಸಾಲ ಕೇಳಿದರು. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರು ಕೇಳಿ ಮಕ್ಕಳನ್ನು ಅವಮಾನಿಸುವುದನ್ನು ಪ್ರಶ್ನಿಸಿದರು. ‘ನನಗಾದದ್ದು ನನ್ನ ಮಗಳಿಗೆ ಬೇಡ’ ಎಂದು ತಾಯಿಯೇ ಪಟ್ಟು ಹಿಡಿದ ಮನೆಯಲ್ಲಿ ಪದ್ಧತಿ ನಿಂತಿತು. ಅವಳ ಕೈಗೆ ನಾಲ್ಕು ಕಾಸು, ಮಗಳಿಗೆ ಶಾಲೆ, ಬೆನ್ನಿಗೆ ಸಂಘ, ಈ ಮೂರೂ ಸಿಕ್ಕ ಮೇಲೆ ಕಾಯ್ದೆಯೂ ಕೆಲಸಕ್ಕೆ ಬಂತು.

ಪ್ರಿಯ ಓದುಗರೇ, ಇದು ನಮಗೆ ಸಂಬಂಧಿಸಿದ ಇತಿಹಾಸವಲ್ಲ ಎಂದುಕೊಂಡು ಪುಟ ಮಗುಚಬೇಡಿ. ನಮ್ಮಲ್ಲಿ ವರನೇ ವಧುವಿಗೆ ಮಹರ್ ಕೊಡಬೇಕೆಂಬುದು ಧರ್ಮದ ವಿಧಿ. ವರದಕ್ಷಿಣೆಯನ್ನು ನಿಷೇಧಿಸುವ 1961ರ ಕಾಯ್ದೆಯೂ ಮಹರನ್ನು ವರದಕ್ಷಿಣೆಯಿಂದ ಪ್ರತ್ಯೇಕವಾಗಿಯೇ ಇಟ್ಟಿದೆ. ಆದರೂ ನಿಕಾಹ್‌ಗೆ ಮುಂಚೆಯೇ ‘ಜೋಡೇ ಕೀ ರಖಂ’ ಕೈ ಬದಲಾಗುವ ಮನೆಗಳು ನಮ್ಮಲ್ಲಿಲ್ಲವೇ? ಧರ್ಮವೂ ಕಾಯ್ದೆಯೂ ಜೊತೆಗಿದ್ದರೂ ರೂಢಿ ಗೆಲ್ಲುತ್ತಿದೆ. ಕಾರಣವೂ ಅದೇ. ಪಡೆಯುವವರಿಗೆ ಲಾಭ, ಕೊಡುವವರಿಗೆ ಮಗಳ ಮದುವೆ ನಿಂತೀತೆಂಬ ಭಯ, ನೋಡುವವರಿಗೆ ಮೌನ.

ಇಲ್ಲಿ ಹೆಣ್ಣು ಹೆತ್ತವರೊಬ್ಬರೇ ಎದ್ದು ನಿಂತರೆ ಸಾಲದು, ಅವರ ಮಗಳು ಮನೆಯಲ್ಲೇ ಉಳಿದಾಳು. ಮೊದಲು ಬೇಡ ಎನ್ನಬೇಕಾದವರು ಗಂಡು ಹೆತ್ತವರು. ಅವರ ಬೆನ್ನಿಗೆ ನಿಲ್ಲಬೇಕಾದದ್ದು ಜಮಾಅತ್. ಹಣ ಪಡೆದ ಮದುವೆಯ ಔತಣಕ್ಕೆ ಹೋಗುವುದಿಲ್ಲವೆಂದು ಒಂದು ಮೊಹಲ್ಲಾದ ಹತ್ತು ಮನೆಗಳು ಒಟ್ಟಾಗಿ ತೀರ್ಮಾನಿಸಿದರೆ ಆ ಮೊಹಲ್ಲಾದ ಬಡ ತಂದೆಯ ಭಯ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಕೂಡ್ಲಿಗಿ, ಹರಪನಹಳ್ಳಿಯ ಆ ತಾಯಂದಿರಿಗೆ ನಮಗಿರುವಷ್ಟು ಅನುಕೂಲವೂ ಇರಲಿಲ್ಲ.