ಎಚ್ಚರವಿದೆ, ಖಬರಿಲ್ಲ: ಮಿದುಳಿನ ಗಾಯ, ಮನೆಯವರ ತಿಳಿವಳಿಕೆ ಮತ್ತು ಸಭೆಯ ಮಾತು

ರಾಯಚೂರು ಸೀಮೆಯ ಆಡುಮಾತಿನಲ್ಲಿ ‘ಎಚ್ಚರ’ ಬೇರೆ, ‘ಖಬರು’ ಬೇರೆ. ಕಣ್ಣು ತೆರೆದಿದ್ದರೆ ಎಚ್ಚರ. ಸುತ್ತಲಿನದು ತಿಳಿಯುತ್ತಿದ್ದರೆ ಖಬರು. ಅರಬ್ಬಿ ಮೂಲದ ಈ ಪದಕ್ಕೆ ಉರ್ದುವಿನಲ್ಲಿ ‘ಸುದ್ದಿ’ ಎಂಬ ಅರ್ಥವಿದೆ. ಖಬರಿಲ್ಲದವನೆಂದರೆ ಹೊರಗಿನ ಸುದ್ದಿ ಒಳಗೆ ಮುಟ್ಟದವನು ಎಂದು ನಾವು ಬಿಡಿಸಿಕೊಳ್ಳಬಹುದು. ಮಿದುಳಿಗೆ ತೀವ್ರ ಪೆಟ್ಟುಬಿದ್ದು ತಿಂಗಳುಗಟ್ಟಲೆ ಮಲಗಿದವರ ಸ್ಥಿತಿಯನ್ನು ಗ್ಲಾಸ್ಗೋದ ಬ್ರಯನ್ ಜೆನೆಟ್ ಮತ್ತು ನ್ಯೂಯಾರ್ಕಿನ ಫ್ರೆಡ್ ಪ್ಲಮ್ ಎಂಬ ವೈದ್ಯರು 1972ರಲ್ಲಿ ವಿವರಿಸಿದ್ದು ಇದೇ ಭೇದದ ಮೇಲೆಯೇ: ಎಚ್ಚರವುಂಟು, ಅರಿವಿಲ್ಲ. ಆದರೆ ಅವರು ಅದಕ್ಕಿಟ್ಟ ‘ವೆಜಿಟೇಟಿವ್’ ಎಂಬ ಹೆಸರು ಮನೆಯವರ ಕಿವಿಗೆ ‘ಗಿಡದಂತೆ’ ಎಂದು ಬೀಳುತ್ತದೆ. ದೇವಜ್ಞಾನದ ದೃಷ್ಟಿಯಿಂದ ರಾಯಚೂರಿನ ಮಾತೇ ಮೇಲೆಂಬುದು ನಮ್ಮ ಅಭಿಪ್ರಾಯ. ಅದು ಕೊರತೆಯನ್ನು ಮರೆಮಾಚುವುದಿಲ್ಲ, ಮನುಷ್ಯನನ್ನು ಮನುಷ್ಯಕುಲದಿಂದ ಹೊರಗೂ ಹಾಕುವುದಿಲ್ಲ.

ಈ ಸ್ಥಿತಿಗೂ ಒಂದು ಇತಿಹಾಸವುಂಟು. ಹಿಂದೆ ಇಂಥ ಪೆಟ್ಟು ತಿಂದವರು ಬಹುಮಟ್ಟಿಗೆ ಕೆಲವೇ ದಿನಗಳಲ್ಲಿ ತೀರಿಹೋಗುತ್ತಿದ್ದರು. ಕೃತಕ ಉಸಿರಾಟದ ಯಂತ್ರ ಮತ್ತು ಮಿದುಳಿನ ಶಸ್ತ್ರಚಿಕಿತ್ಸೆ ಅವರನ್ನು ಉಳಿಸಿದವು. ನಮ್ಮ ದೇಶದಲ್ಲಿ ಈ ಶಸ್ತ್ರಚಿಕಿತ್ಸೆಯ ಮೊದಲ ವಿಭಾಗವನ್ನು 1949ರಲ್ಲಿ ಆರಂಭಿಸಿದವರು ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಜೇಕಬ್ ಚಾಂಡಿಯವರು. ಹಾಗಿರುವಾಗ ಉಳಿದವರ ಮುಂದಿನ ಬಾಳಿನ ವಿಷಯದಲ್ಲಿ ಸಭೆ ತನಗೆ ಸಂಬಂಧವಿಲ್ಲವೆನ್ನಲಾಗದು.

ಆ ಬಾಳು ನಡೆಯುವುದು ಬಹುಪಾಲು ಮನೆಯಲ್ಲಿ. ದೇವದುರ್ಗ, ಮಾನ್ವಿ ಕಡೆಯಿಂದ ಬೆಂಗಳೂರಿಗೆ ಗುಳೆ ಹೋದ ಕೂಲಿಕಾರನು ಕಟ್ಟಡದ ಮೇಲಿಂದ ಬಿದ್ದರೆ, ಅಥವಾ ಊರಿನ ರಸ್ತೆಯಲ್ಲೇ ಬೈಕಿನಿಂದ ಬಿದ್ದರೆ, ಕಡೆಗೆ ಅವನನ್ನು ಮರಳಿ ತರುವುದು ಊರಿಗೇ. ಮೂಗಿನ ನಳಿಕೆಯಲ್ಲಿ ಗಂಜಿ, ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಕಫ ತೆಗೆಯುವುದು: ಇವೆಲ್ಲ ತಾಯಿಯ ಅಥವಾ ಹೆಂಡತಿಯ ಪಾಲಿಗೆ ಬರುತ್ತವೆ. ಆಸ್ಪತ್ರೆಯಲ್ಲಿ ಕೇಳಿದ ‘ಕೋಮಾ’, ‘ಮಿದುಳು ಸತ್ತಿದೆ’, ‘ಪ್ರಜ್ಞೆಯಿಲ್ಲ’ ಎಂಬ ಮೂರು ಬೇರೆಬೇರೆ ಮಾತುಗಳು ಮನೆಯಲ್ಲಿ ಒಂದೇ ಆಗಿ ಕಲಸಿಹೋಗಿರುತ್ತವೆ. ಮಿದುಳು ಸತ್ತಿದೆಯೆಂಬುದು ಕಾನೂನಿನ ಪ್ರಕಾರ ಮರಣವೇ, ಉಳಿದೆರಡು ಹಾಗಲ್ಲ. ಇಷ್ಟನ್ನು ಬಿಡಿಸಿ ಹೇಳುವವರಿಲ್ಲದೆ ಎಷ್ಟೋ ಮನೆಗಳು ವರ್ಷಗಳನ್ನು ನೂಕುತ್ತವೆ.

ಆರೈಕೆ ಮಾಡುವವರ ತಿಳಿವಳಿಕೆಗೆ ಎಷ್ಟು ಬೆಲೆ ಎಂಬ ಪ್ರಶ್ನೆ ಈ ದೇಶದ ಪರಮೋಚ್ಚ ನ್ಯಾಯಾಲಯದ ಮುಂದೆ ಬಂದದ್ದು ಕನ್ನಡ ನಾಡಿನ ಒಬ್ಬ ಹೆಣ್ಣುಮಗಳ ನಿಮಿತ್ತ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅಲ್ಲಿಯ ಕೆಲಸಗಾರನೊಬ್ಬನು ನಾಯಿಯ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಹಲ್ಲೆ ಮಾಡಿದನು. ಮಿದುಳಿಗೆ ಆಮ್ಲಜನಕ ತಪ್ಪಿತು. ತಂದೆತಾಯಿಗಳು ತೀರಿಹೋದರು, ಬಂಧುಗಳು ದೂರವಾದರು. ಆಸ್ಪತ್ರೆಯ ದಾದಿಯರೇ ಪಾಳಿಯ ಮೇಲೆ ಅವರನ್ನು ತೊಳೆದರು, ಉಣಿಸಿದರು. ಹಾಸಿಗೆ ತೆರವು ಮಾಡಿಸಲು ನಗರಪಾಲಿಕೆ 1980ರ ದಶಕದಲ್ಲಿ ಯತ್ನಿಸಿದಾಗ ಪ್ರತಿಭಟಿಸಿ ತಡೆದವರೂ ಅವರೇ.

ಲೇಖಕಿ ಪಿಂಕಿ ವಿರಾಣಿಯವರು ಅರುಣಾಗೆ ಆಹಾರ ನಿಲ್ಲಿಸಿ ನೆಮ್ಮದಿಯ ಸಾವಿಗೆ ಅವಕಾಶ ಕೊಡಬೇಕೆಂದು ಅರ್ಜಿ ಸಲ್ಲಿಸಿದರು. ಅದು ಕರುಣೆಯಿಂದಲೇ ಹುಟ್ಟಿದ್ದೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆಸ್ಪತ್ರೆಯವರು ಹೇಳಿದ್ದು ಬೇರೆ: ಅವಳಿಗೆ ಮೀನು ಇಷ್ಟ, ಇಷ್ಟವಾದದ್ದು ಕೊಟ್ಟರೆ ಮುಖ ಅರಳುತ್ತದೆ, ಕೋಣೆಯಲ್ಲಿ ಜನ ಹೆಚ್ಚಾದರೆ ಕೂಗುತ್ತಾಳೆ. ನ್ಯಾಯಾಲಯ ನೇಮಿಸಿದ ಮೂವರು ವೈದ್ಯರು ಆಕೆಯ ಮಿದುಳು ಸತ್ತಿಲ್ಲವೆಂದೂ ವೆಜಿಟೇಟಿವ್ ಸ್ಥಿತಿಯ ಬಹುತೇಕ ಲಕ್ಷಣಗಳಿವೆಯೆಂದೂ ವರದಿ ಕೊಟ್ಟರು. 2011ರ ಮಾರ್ಚ್ 7ರ ತೀರ್ಪು ಆ ವರದಿಯನ್ನು ಒಪ್ಪಿತು. ಆದರೂ ಆಕೆಯ ಪರವಾಗಿ ಮಾತನಾಡುವ ಹಕ್ಕು ಹಗಲಿರುಳು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯದೆಂದಿತು. ರಕ್ತಸಂಬಂಧವಲ್ಲ, ಆರೈಕೆಯೇ ಅಲ್ಲಿ ನೆಂಟಸ್ತಿಕೆಯಾಯಿತು. ಗಾಯಾಳುವಿಗೆ ನೆರೆಯವನಾದವನು ಯಾರೆಂಬ ಪ್ರಶ್ನೆಯನ್ನು ಓದಿದ ನಮಗೆ ಇದು ಹೊಸತಲ್ಲ. 2015ರ ಮೇ 18ರಂದು, ನಾಲ್ಕು ದಶಕಗಳ ಬಳಿಕ, ಅರುಣಾ ನ್ಯುಮೋನಿಯಾದಿಂದ ತೀರಿಕೊಂಡರು.

ದಾದಿಯರು ಕಂಡದ್ದು ಅರಿವೋ, ಬರಿಯ ಪ್ರತಿಕ್ರಿಯೆಯೋ? ಮನೆಯವರ ಕಣ್ಣು ಆಸೆಯಿಂದ ಮೋಸಹೋಗುವುದುಂಟು. ಆದರೆ ವೈದ್ಯರ ನಿಶ್ಚಯವೂ ಅಲುಗಾಡಿದೆ. ಪ್ರತಿಕ್ರಿಯೆಯೇ ಇಲ್ಲವೆನಿಸಿದ್ದ 23 ವರ್ಷದ ಯುವತಿಗೆ ಟೆನಿಸ್ ಆಡುವಂತೆ ಕಲ್ಪಿಸಿಕೊಳ್ಳಲು ಹೇಳಿದಾಗ, ಆರೋಗ್ಯವಂತರಲ್ಲಿ ಕಾಣುವಂಥದೇ ಚಟುವಟಿಕೆ ಆಕೆಯ ಮಿದುಳಿನಲ್ಲಿಯೂ ಕಂಡಿತೆಂದು ಇಂಗ್ಲೆಂಡಿನಲ್ಲಿ ಏಡ್ರಿಯನ್ ಓವನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದರು. ಆದುದರಿಂದ ‘ಹೆಸರು ಕರೆದರೆ ಕಣ್ಣು ಹೊರಳಿಸುತ್ತಾನೆ’ ಎನ್ನುವ ತಾಯಿಯ ಮಾತನ್ನು ಭ್ರಮೆಯೆಂದು ತಳ್ಳುವುದೂ, ಅದ್ಭುತವೆಂದು ಸಭೆಯಲ್ಲಿ ಸಾರುವುದೂ ಅವಸರದ ಕೆಲಸ. ಎರಡನೆಯದು ನಮ್ಮವರಲ್ಲಿ ಹೆಚ್ಚು.

ಸಭೆಯ ನೆನಪಿನಲ್ಲಿ ಎರಡು ಭಾಷಣಗಳುಂಟು. ಕಥೋಲಿಕರಲ್ಲದ ನಾವೂ ಓದತಕ್ಕವು. 1957ರ ನವೆಂಬರ್ 24ರಂದು ಹನ್ನೆರಡನೆಯ ಪಯಸ್ ಪೋಪರು ಅರಿವಳಿಕೆ ವೈದ್ಯರಿಗೆ ಉತ್ತರಿಸುತ್ತ, ಕುಟುಂಬವು ಸಾಮಾನ್ಯ ಉಪಾಯಗಳಿಗೆ ಮಾತ್ರ ಬದ್ಧವೆಂದರು. ಉಸಿರಾಟದ ಯಂತ್ರ ಮನೆಯವರಿಗೆ ಹೊರಲಾರದ ಭಾರವಾದರೆ ಅದನ್ನು ನಿಲ್ಲಿಸಿರೆಂದು ಅವರು ವೈದ್ಯರನ್ನು ಕೇಳಿಕೊಳ್ಳಬಹುದೆಂದರು. 2004ರ ಮಾರ್ಚ್‌ನಲ್ಲಿ ಎರಡನೆಯ ಜಾನ್ ಪಾಲ್ ಪೋಪರು ನಳಿಕೆಯ ಮೂಲಕವಾದರೂ ಅನ್ನನೀರು ತತ್ವತಃ ಸಾಮಾನ್ಯ ಆರೈಕೆಯೇ ಎಂದರು. ಅದೇ ಮಾತಿನಲ್ಲಿ ಕುಟುಂಬಗಳನ್ನು ಒಂಟಿಯಾಗಿ ಬಿಡಬಾರದೆಂದು ಹಣದ ನೆರವು, ಮನೆಗೆ ಬಂದು ಮಾಡುವ ಸಹಾಯಗಳನ್ನೂ ಹೆಸರಿಸಿದರು. ಮೊದಲ ಅರ್ಧವನ್ನು ಉಲ್ಲೇಖಿಸುವವರು ಎರಡನೆಯದನ್ನು ಬಿಟ್ಟುಬಿಡುತ್ತಾರೆ.

ಸಾಲ ಮುಗಿದು ಯಂತ್ರ ಬಿಡಿಸಿಕೊಂಡು ಬಂದ ಹೆಂಡತಿಯೊಬ್ಬಳು ತಾನೇ ಕೊಂದೆನೆಂದು ಕೊರಗುತ್ತಿದ್ದರೆ, 1957ರ ಆ ಉತ್ತರ ಅವಳಿಗೆ ಗೊತ್ತಿರಬೇಕು, ಹೇಳಬೇಕಾದವರು ನಾವು. ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆದುಕೊಳ್ಳುವ ಬಗ್ಗೆ ಪರಮೋಚ್ಚ ನ್ಯಾಯಾಲಯವು 2018ರಲ್ಲಿ ಕೊಟ್ಟ ನಿರ್ದೇಶನಗಳನ್ನು ಜಾರಿಗೊಳಿಸಲು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಆದೇಶ ಹೊರಡಿಸಿದೆ. ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಮನೆಯವರ ಸಮ್ಮತಿ ಬೇಕು. ಮಾನ್ವಿಯ ಒಬ್ಬ ತಾಯಿ ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆ ತನ್ನ ಸಭಾಪಾಲಕರನ್ನು ಕರೆಸಿ, ‘ಅಯ್ಯನವರೇ, ಇವನಿಗೆ ಖಬರು ಐತೇನ್ರಿ?’ ಎಂದು ಕೇಳುವಳು.